ಅಡ್ವಾನ್ಸ್ ಕರಗುವ ಮುನ್ನ

ಬೆಂಗಳೂರಿನಲ್ಲಿ ಬಾಡಿಗೆಗಿರುವ ಹುಡುಗನ ಮೊದಲ ದೊಡ್ಡ ಉಳಿತಾಯ ಅವನ ಬ್ಯಾಂಕ್ ಖಾತೆಯಲ್ಲಿ ಇರುವುದಿಲ್ಲ, ಮನೆ ಓನರ್ ಬಳಿ ಇರುತ್ತದೆ. ಇಪ್ಪತ್ತು ಸಾವಿರ ಬಾಡಿಗೆಯ ಮನೆಗೆ ಹತ್ತು ತಿಂಗಳ ಅಡ್ವಾನ್ಸ್ ಎಂದರೆ 2 ಲಕ್ಷ. ಮೂವರು ಸೇರಿ ಹಿಡಿದರೆ ತಲೆಗೆ ಅರವತ್ತಾರು ಸಾವಿರದ ಮೇಲೆ. ಆ ಹಣ ಬಂದ ದಾರಿ ಹಿಡಿದು ಹೋದರೆ ಊರಿನ ಸೊಸೈಟಿಯಲ್ಲಿ ಅಡವಿಟ್ಟ ಬಳೆ, ಅಮ್ಮ ಎತ್ತಿದ ಚೀಟಿ, ಅಡಿಕೆ ಮಾರಿದ ದುಡ್ಡು ಸಿಗುತ್ತವೆ. ಕೇಂದ್ರ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಪಡೆಯಬಾರದು ಎನ್ನುತ್ತದೆ. ಅದು ರಾಜ್ಯಗಳ ಮುಂದಿಟ್ಟ ಮಾದರಿ ಮಾತ್ರ. ಬೀದಿಯ ರೂಢಿಯೇ ಬೇರೆ.

ಬಾಡಿಗೆ ಮನೆಯಲ್ಲಿದ್ದು ದುಡ್ಡು ಉಳಿಸುವುದು ಕಷ್ಟ, ಆದರೆ ಅಸಾಧ್ಯವಲ್ಲ. ಸಂಬಳ ಬಂದ ದಿನವೇ ಬಾಡಿಗೆ ಬೇರೆ ಖಾತೆಗೆ ಹೋಗಬೇಕು, ಅದರ ಹಿಂದೆಯೇ ಅಂಚೆ ಕಚೇರಿಯ ಆರ್‌ಡಿ ಕಂತು. ತಿಂಗಳಿಗೆ 100 ರೂಪಾಯಿಯಿಂದಲೂ ಅದು ಶುರುವಾಗುತ್ತದೆ. ಉಳಿದದ್ದರಲ್ಲಿ ತಿಂಗಳು ನಡೆಯಬೇಕು. ಅಡ್ವಾನ್ಸನ್ನು ನಗದಾಗಿ ಕೊಡದೆ ಬ್ಯಾಂಕಿನ ಮೂಲಕವೇ ಕೊಡಬೇಕು, ಮೊತ್ತ ಕರಾರು ಪತ್ರದಲ್ಲಿ ಇರಬೇಕು. ಒಳಬರುವ ದಿನವೇ ಗೋಡೆ, ನಲ್ಲಿ, ಬಾಗಿಲುಗಳ ಫೋಟೊ ತೆಗೆದಿಟ್ಟರೆ ಬಿಡುವಾಗ ಪೇಂಟಿಂಗ್ ಹೆಸರಿನಲ್ಲಿ ಹಿಡಿಯುವ ಮೊತ್ತದ ಬಗ್ಗೆ ಮಾತಾಡಲು ಆಧಾರವಿರುತ್ತದೆ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಇದೆ. ಎಷ್ಟೋ ಹುಡುಗರು ಅದನ್ನು ಕೇಳುವುದೇ ಇಲ್ಲ. ಇವೆಲ್ಲ ಅಣ್ಣಂದಿರು ತಮ್ಮಂದಿರಿಗೆ ಹೇಳಿಕೊಡುವ ಲೆಕ್ಕ. ನಾನು ಬರೆಯಹೊರಟಿರುವುದು ಈ ಲೆಕ್ಕ ಇದ್ದಕ್ಕಿದ್ದಂತೆ ತಪ್ಪತೊಡಗುವ ಮನೆಗಳ ಬಗ್ಗೆ.

ಮಾದಕ ವ್ಯಸನ ಮುಖದಲ್ಲಿ ಕಾಣುವ ಎಷ್ಟೋ ಮೊದಲೇ ದುಡ್ಡಿನಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದು ನನ್ನ ಬಲವಾದ ನಂಬಿಕೆ. ಹೆತ್ತವರು ನೂರಾರು ಮೈಲಿ ದೂರದಲ್ಲಿರುತ್ತಾರೆ. ವಾರಕ್ಕೊಮ್ಮೆ ವಿಡಿಯೊ ಕಾಲ್‌ನಲ್ಲಿ ಕಾಣುವ ಮುಖವನ್ನು ಐದು ನಿಮಿಷ ಚೆನ್ನಾಗಿಟ್ಟುಕೊಳ್ಳುವುದು ಯಾರಿಗೂ ಕಷ್ಟವಲ್ಲ. ಬಾಡಿಗೆಯನ್ನು ಹಾಗೆ ಮರೆಮಾಚಲಾಗದು. ಮೂರನೇ ತಾರೀಖಿಗೆ ಬರುತ್ತಿದ್ದ ಪಾಲು ಹನ್ನೆರಡಕ್ಕೆ ಬರುತ್ತದೆ, ಅದೂ ಎರಡು ಕಂತಿನಲ್ಲಿ. ಪ್ರತಿ ತಿಂಗಳೂ ಬೇರೆ ಕಾರಣ: ಸಂಬಳ ತಡವಾಯಿತು, ಕಾರ್ಡ್ ಬ್ಲಾಕ್ ಆಯಿತು, ಪರ್ಸ್ ಕಳೆಯಿತು. ಮುನ್ನೂರು, ಐನೂರರ ಕೈಗಡ ಶುರುವಾಗುತ್ತದೆ. ಲ್ಯಾಪ್‌ಟಾಪ್ ರಿಪೇರಿಗೆ ಹೋದದ್ದು ವಾಪಸ್ ಬರುವುದಿಲ್ಲ. ಗ್ಯಾಸ್ ಸಿಲಿಂಡರಿಗೆಂದು ಎಲ್ಲರೂ ಸೇರಿಸಿಟ್ಟ ದುಡ್ಡು ಮಾಯವಾಗುತ್ತದೆ. ಕೊನೆಗೊಂದು ದಿನ, ‘ಅಡ್ವಾನ್ಸಿನಲ್ಲಿ ನನ್ನ ಪಾಲು ಕೊಟ್ಟುಬಿಡಿ, ಬೇರೆ ರೂಮು ನೋಡಿಕೊಳ್ಳುತ್ತೇನೆ’ ಎಂಬ ಮಾತು ಬರುತ್ತದೆ. ಅಮ್ಮನ ಚೀಟಿ ದುಡ್ಡು ಕರಗುವುದು ಅಲ್ಲಿಂದಲೇ.

ಹಣ ತಪ್ಪಿದ ಮಾತ್ರಕ್ಕೆ ಅದು ವ್ಯಸನವೆಂದು ತೀರ್ಮಾನಿಸಬಾರದು. ಕೆಲಸ ಹೋಗಿರಬಹುದು, ಹೇಳಿಕೊಳ್ಳಲು ನಾಚಿಕೆಯಾಗಿರಬಹುದು. ಊರಲ್ಲಿ ಯಾರಿಗೋ ಆಪರೇಷನ್ ಆಗಿರಬಹುದು. ಲೋನ್ ಆ್ಯಪ್‌ನವರ ಕಾಟವಿರಬಹುದು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕಾನೂನು ನಿಷೇಧಿಸಿತು, ಆದರೆ ಅದಕ್ಕೂ ಮೊದಲು ಆಡಿದವರ ಸಾಲ ಕಾನೂನಿನೊಂದಿಗೆ ತೀರಲಿಲ್ಲ. ಆದ್ದರಿಂದ ಹಣದ ಸುಳಿವು ಸಿಕ್ಕಾಗ ಮೊದಲು ಮಾಡಬೇಕಾದದ್ದು ಪಕ್ಕದಲ್ಲಿ ಕೂತು ಕೇಳುವುದು.

ಮೈಯ ಸುಳಿವುಗಳೂ ಜೊತೆಗೂಡಿದರೆ ಅನುಮಾನ ಗಟ್ಟಿಯಾಗುತ್ತದೆ. ಗಾಂಜಾ ಸೇದುವವನ ಕಣ್ಣು ಕೆಂಪಾಗಿರುತ್ತದೆ, ಹೊತ್ತಲ್ಲದ ಹೊತ್ತಿನಲ್ಲಿ ವಿಪರೀತ ಹಸಿವು, ಈಗ ಹೇಳಿದ್ದು ಈಗ ಮರೆಯುವುದು, ಯಾವುದರಲ್ಲೂ ಉತ್ಸಾಹವಿಲ್ಲದಿರುವುದು. ಕೋಣೆಯಲ್ಲಿ ಸದಾ ಊದಿನಕಡ್ಡಿ, ಜೇಬಿನಲ್ಲಿ ಕಣ್ಣಿನ ಡ್ರಾಪ್ಸ್. ಎಂಡಿಎಂಎ ಬಳಸಿದವನ ಕಣ್ಣಿನ ಪಾಪೆ ಹಿಗ್ಗಿರುತ್ತದೆ, ದವಡೆ ಬಿಗಿದಿರುತ್ತದೆ. ರಾತ್ರಿಯಿಡೀ ಎಚ್ಚರವಿದ್ದು, ಆಮೇಲೆ ದಿನಗಟ್ಟಲೆ ಕುಸಿದು ಮಲಗುತ್ತಾನೆ. ಹೆರಾಯಿನ್ ಅಥವಾ ಟಪೆಂಟಡಾಲ್‌ನಂಥ ನೋವಿನ ಮಾತ್ರೆಗೆ ಬಿದ್ದವನ ಪಾಪೆ ಸೂಜಿಮೊನೆಯಷ್ಟು ಕಿರಿದಾಗುತ್ತದೆ, ಕೂತಲ್ಲೇ ತೂಕಡಿಸುತ್ತಾನೆ. ಆ ಮಾತ್ರೆಯನ್ನು ಪುಡಿಮಾಡಿ ಚುಚ್ಚಿಕೊಳ್ಳುವವರು ಬೇಸಗೆಯಲ್ಲೂ ತುಂಬುತೋಳಿನ ಅಂಗಿ ಬಿಡುವುದಿಲ್ಲ. ಮಾತ್ರೆ ಸಿಗದ ದಿನ ಮೂಗು ಸೋರುವುದು, ಮೇಲಿಂದ ಮೇಲೆ ಆಕಳಿಕೆ, ಮೈಕೈ ನೋವು, ಭೇದಿ. ಜ್ವರ ಬಂದಿದೆ ಎಂದು ಜೊತೆಯವರು ಗಂಜಿ ಮಾಡಿಕೊಡುತ್ತಾರೆ. ಅದು ಮತ್ತೆ ಮತ್ತೆ ಬರುವ ಜ್ವರವಾಗಿದ್ದರೆ ಯೋಚಿಸಬೇಕು.

ವೈದ್ಯರು ನೋಡುವುದು ಇನ್ನೂ ಆಳದ ಸಂಗತಿಗಳನ್ನು. ತಡೆಯಲಾರದ ತುಡಿತವಿದೆಯೇ, ಎಷ್ಟು ಬಳಸಬೇಕೆಂಬ ಹತೋಟಿ ಕೈತಪ್ಪಿದೆಯೇ, ಮೊದಲಿನಷ್ಟೇ ಅಮಲಿಗೆ ಈಗ ಹೆಚ್ಚು ಬೇಕಾಗುತ್ತಿದೆಯೇ, ನಿಲ್ಲಿಸಿದರೆ ಮೈ ನರಳುತ್ತದೆಯೇ, ಬೇರೆ ಆಸೆ ಆಸಕ್ತಿಗಳೆಲ್ಲ ಬಿಟ್ಟುಹೋಗಿವೆಯೇ, ಹಾಳಾಗುತ್ತಿದ್ದೇನೆಂದು ಗೊತ್ತಿದ್ದೂ ಬಿಡಲಾಗುತ್ತಿಲ್ಲವೇ. ಈ ಆರರಲ್ಲಿ ಮೂರು ಒಂದು ವರ್ಷದೊಳಗೆ ಒಟ್ಟಿಗೆ ಕಂಡರೆ ಅದನ್ನು ಅವಲಂಬನೆ ಎಂದು ಗುರುತಿಸುತ್ತಾರೆ. ಅದು ಕಾಯಿಲೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದ ಬರುವ ಮಾನಸಿಕ ತೊಂದರೆಗಳನ್ನು ಕಾಯಿಲೆಗಳ ಸಾಲಿನಲ್ಲೇ ಸೇರಿಸಿದೆ. ಏಮ್ಸ್ ನಡೆಸಿದ ಸಮೀಕ್ಷೆಯ ವರದಿ 2019ರಲ್ಲಿ ಬಂದಾಗ ದೇಶದಲ್ಲಿ 3.1 ಕೋಟಿ ಜನ ಗಾಂಜಾ, ಭಾಂಗ್ ಬಗೆಯವುಗಳನ್ನೂ 2.26 ಕೋಟಿ ಜನ ಅಫೀಮು ಬಗೆಯ ವಸ್ತುಗಳನ್ನೂ ಬಳಸುತ್ತಿದ್ದರು. ಇಷ್ಟು ಜನರನ್ನು ಕೆಟ್ಟವರೆಂದು ತಳ್ಳಿಹಾಕಿ ಕೈತೊಳೆದುಕೊಳ್ಳಲು ಯಾವ ಸಮಾಜಕ್ಕೂ ಹಕ್ಕಿಲ್ಲ.

ಆದರೂ ಬಾಡಿಗೆ ಮನೆಗಳಲ್ಲಿ ನಡೆಯುವುದು ತಳ್ಳಿಹಾಕುವ ಕೆಲಸವೇ. ಜೊತೆಯವರಿಗೆ ಪೊಲೀಸರ ಭಯ, ಓನರ್‌ಗೆ ಬೀದಿಯ ಮಾತಿನ ಭಯ. ಹುಡುಗ ವಾರದೊಳಗೆ ಹೊರಬೀಳುತ್ತಾನೆ. ಆಮೇಲೆ ಅವನು ಸೇರುವುದು ಇನ್ನೂ ಅಗ್ಗದ, ಯಾರೂ ಮಾತಾಡಿಸದ ಒಂಟಿ ಕೋಣೆಗೆ. ಅಲ್ಲಿ ಅವನು ಪ್ರಜ್ಞೆ ತಪ್ಪಿ ಬಿದ್ದರೆ ಬಾಗಿಲು ತಟ್ಟುವವರಿಲ್ಲ. ಓನರುಗಳಲ್ಲಿ ನನ್ನ ಕಳಕಳಿಯ ಮನವಿ ಇಷ್ಟೇ: ಮನೆ ಖಾಲಿ ಮಾಡಿಸಲೇಬೇಕಿದ್ದರೂ ಮೊದಲು ಅವನೊಡನೆ ಮಾತಾಡಿ, ಸಮಯ ಕೊಡಿ. ಅಡ್ವಾನ್ಸ್ ತಂದೆಯ ಖಾತೆಯಿಂದ ಬಂದಿದ್ದರೆ ಅದೇ ಖಾತೆಗೆ ಹಿಂತಿರುಗಿಸಿ. ಲಕ್ಷ ರೂಪಾಯಿ ನಗದು ಅವನ ಕೈಗೆ ಸಿಗುವ ದಿನ ಅವನ ಪಾಲಿಗೆ ಅತ್ಯಂತ ಅಪಾಯದ ದಿನವಾಗಬಹುದು.

ಕಾನೂನಿನ ಭಯಕ್ಕೂ ಉತ್ತರವಿದೆ. ಮಾದಕ ವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ, ಗೊತ್ತಿದ್ದೂ ತನ್ನ ಮನೆಯನ್ನು ಅದರಡಿಯ ಅಪರಾಧಗಳಿಗೆ ಬಳಸಲು ಬಿಡುವುದು ತಪ್ಪು. ಹಾಗಾಗಿ ಸುಮ್ಮನಿದ್ದರೆ ಬಚಾವಾಗುತ್ತೇವೆ ಎಂಬ ಎಣಿಕೆ ಸರಿಯಲ್ಲ. ಅದೇ ಕಾಯ್ದೆಯ 64ಎ ಸೆಕ್ಷನ್, ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಎದುರಿಸುವ ವ್ಯಸನಿ ತಾನಾಗಿ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಸೇರಿ ಅದನ್ನು ಪೂರ್ಣಗೊಳಿಸಿದರೆ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ. ಈ ಎರಡನೇ ಮಾತು ನಮ್ಮ ಕಾಲೇಜು, ಪಿಜಿಗಳ ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಇರಬೇಕಿತ್ತು. ಶಿಕ್ಷೆಯ ವರ್ಷಗಳನ್ನಷ್ಟೇ ಬರೆದು ಹೆದರಿಸುತ್ತೇವೆ.

ಹೆತ್ತವರಿಗೆ ಸುದ್ದಿ ತಿಳಿದಾಗ ಎರಡು ತಪ್ಪುಗಳಾಗುತ್ತವೆ. ಒಂದು, ಮಗ ಅತ್ತನೆಂದು ಮತ್ತೆ ಮತ್ತೆ ದುಡ್ಡು ಕಳಿಸುವುದು. ಬಾಡಿಗೆಯನ್ನು ನೇರವಾಗಿ ಓನರ್‌ಗೆ ಕಳಿಸಿ, ಔಷಧದ ಹಣವನ್ನು ಆಸ್ಪತ್ರೆಗೇ ಕಟ್ಟಿ, ಕೈಗೆ ನಗದು ಬೇಡ. ಇನ್ನೊಂದು, ಊರಿಗೆ ಎಳೆದೊಯ್ದು ಕೋಣೆಯಲ್ಲಿ ಕೂಡಿಹಾಕುವುದು. ಕುಡಿತ ಅಥವಾ ನಿದ್ರೆಮಾತ್ರೆಗೆ ಒಗ್ಗಿದ ದೇಹದಲ್ಲಿ ಅದನ್ನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬಂದು ಪ್ರಾಣಕ್ಕೇ ಅಪಾಯವಾದೀತು. ಸರಪಳಿ ಹಾಕುವುದನ್ನು 2017ರ ಕಾಯ್ದೆ ನಿಷೇಧಿಸಿದೆ. ಹೊಡೆದು ಬಡಿದು ಸರಿಮಾಡುತ್ತೇವೆನ್ನುವ ಖಾಸಗಿ ಕೇಂದ್ರಗಳಿಂದ ದೂರವಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಕೇಂದ್ರವಿದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಜಿಲ್ಲಾಸ್ಪತ್ರೆಯ ಮನೋವೈದ್ಯರಿದ್ದಾರೆ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೂ ಮನೋವೈದ್ಯರು ಬರುವ ವ್ಯವಸ್ಥೆಯಿದೆ. ಅಫೀಮು ಬಗೆಯ ವ್ಯಸನಕ್ಕೆ ಬುಪ್ರಿನಾರ್ಫಿನ್‌ನಂಥ ಔಷಧಗಳಿವೆ. ಅವು ತುಡಿತವನ್ನು ತಗ್ಗಿಸುತ್ತವೆ, ಹುಡುಗ ಮತ್ತೆ ಕೆಲಸಕ್ಕೆ ಹೋಗಬಲ್ಲ.

ಬಿಟ್ಟವನು ಮತ್ತೆ ಜಾರಬಹುದು. ಅದು ಈ ಕಾಯಿಲೆಯ ಗುಣ. ಕೆಲವು ವಾರ ಬಿಟ್ಟಿದ್ದವನು ಹಳೆಯ ಪ್ರಮಾಣವನ್ನೇ ಮತ್ತೆ ತೆಗೆದುಕೊಂಡರೆ ದೇಹ ತಡೆಯದು. ಉಸಿರು ನಿಧಾನವಾಗಿ, ತುಟಿ ನೀಲಿಯಾಗಿ, ಕರೆದರೂ ಏಳದಿದ್ದರೆ ‘ಅಮಲು ಇಳಿಯಲಿ’ ಎಂದು ಕಾಯಬೇಡಿ. ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಿ, ಏನು ತೆಗೆದುಕೊಂಡಿದ್ದನೆಂಬುದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಿ.

ಅಪ್ಪ ಅಮ್ಮನಿಗಿಂತ, ಪೊಲೀಸರಿಗಿಂತ ಮೊದಲು ಈ ಸುಳಿವುಗಳನ್ನು ನೋಡುವವರು ಬಾಡಿಗೆ ಹಂಚಿಕೊಂಡ ಗೆಳೆಯರು. ಅವರ ಬಳಿ ಎರಡು ಸಂಖ್ಯೆಗಳಿರಬೇಕು: ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446. ಎರಡೂ ಉಚಿತ. ಮೊದಲನೆಯದರಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ಕಾಯಿಲೆಯವನ ಬದಲು ನೀವೇ ಕರೆ ಮಾಡಿ ಸಲಹೆ ಕೇಳಬಹುದು. ಈ ತಿಂಗಳ ಬಾಡಿಗೆ ಲೆಕ್ಕ ಹಾಕುವಾಗ ನಿಮ್ಮ ಮನೆಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಈ ಎರಡು ಸಂಖ್ಯೆಗಳನ್ನೂ ಹಾಕಿಡಿ.