ಬರಿದಾಗಿರುವ ಜಲಾಶಯದ ಬೆಲೆ

ವ್ಯಾಪಾರಿಯ ದೃಷ್ಟಿಯಲ್ಲಿ ಖಾಲಿ ಗೋದಾಮು ನಷ್ಟದ ಬಾಬತ್ತು. ಬಾಡಿಗೆ ಏರುತ್ತಲೇ ಇರುತ್ತದೆ, ಆದಾಯ ಮಾತ್ರ ಬರುವುದಿಲ್ಲ. ಪ್ರವಾಹ ನಿಯಂತ್ರಣದ ಅಣೆಕಟ್ಟನ್ನೂ ಇದೇ ಅಳತೆಗೋಲಿನಿಂದ ಅಳೆಯುವುದು ಅಪಾಯಕಾರಿ. ನೀರಾವರಿ ಜಲಾಶಯಕ್ಕೆ ತುಂಬಿರುವುದೇ ಸಾರ್ಥಕತೆ. ಪ್ರವಾಹವನ್ನು ತಡೆಯಬೇಕಾದ ಜಲಾಶಯಕ್ಕೆ ಬರಿದಾಗಿರುವುದೇ ಸಾರ್ಥಕತೆ. ಒಂದೇ ಸ್ಥಳಾವಕಾಶವನ್ನು ಏಕಕಾಲಕ್ಕೆ ಎರಡೂ ಉದ್ದೇಶಗಳಿಗೆ ಲೆಕ್ಕ ಹಾಕುವುದೆಂದರೆ, ಒಂದೇ ಮೊತ್ತವನ್ನು ಎರಡು ಖಾತೆಗಳಲ್ಲಿ ಜಮಾ ತೋರಿಸಿದಂತೆ.

ಅಮೆರಿಕದ ಹ್ಯೂಸ್ಟನ್ ನಗರದ ಅನುಭವ ಇದಕ್ಕೆ ನಿದರ್ಶನವಾಗಿದೆ. 1929 ಮತ್ತು 1935ರ ಪ್ರವಾಹಗಳಲ್ಲಿ ನಗರವು ತತ್ತರಿಸಿದ ಬಳಿಕ, ಅಲ್ಲಿನ ಸೇನೆಯ ಎಂಜಿನಿಯರುಗಳ ದಳವು ನಗರದ ಪಶ್ಚಿಮಕ್ಕೆ ಎರಡು ಮಣ್ಣಿನ ಅಣೆಕಟ್ಟುಗಳನ್ನು ನಿರ್ಮಿಸಿತು. ಬಾರ್ಕರ್ 1945ರಲ್ಲಿ, ಆಡಿಕ್ಸ್ 1948ರಲ್ಲಿ ಪೂರ್ಣಗೊಂಡವು. ಇವುಗಳಿಂದ ವಿದ್ಯುತ್ತೂ ಇಲ್ಲ, ನೀರಾವರಿಯೂ ಇಲ್ಲ. ವರ್ಷದ ಬಹುಭಾಗ ಒಣಗಿರುವ ಅವುಗಳ ಒಡಲಲ್ಲಿ ಉದ್ಯಾನಗಳೂ ಆಟದ ಮೈದಾನಗಳೂ ಇವೆ. ಭಾರಿ ಮಳೆ ಬಂದಾಗ ಗೇಟುಗಳನ್ನು ಮುಚ್ಚಿ ನೀರನ್ನು ಹಿಡಿದಿಟ್ಟು, ಕೆಳಗಿನ ತೊರೆ ಇಳಿದ ಮೇಲೆ ನಿಧಾನವಾಗಿ ಬಿಡುವುದಷ್ಟೇ ಅವುಗಳ ಕೆಲಸ. ಹೀಗೆ ತಪ್ಪಿದ ನಷ್ಟವು ಯಾವ ಲೆಕ್ಕಪುಸ್ತಕದಲ್ಲಿಯೂ ಲಾಭವೆಂದು ನಮೂದಾಗುವುದಿಲ್ಲ. ಆದುದರಿಂದಲೇ ಜನರು ಅಣೆಕಟ್ಟಿನ ಉದ್ದೇಶವನ್ನು ಮರೆಯುತ್ತಾರೆ.

ಹ್ಯೂಸ್ಟನ್ನಿನಲ್ಲಿಯೂ ಹಾಗೆಯೇ ಆಯಿತು. ಜಲಾಶಯಗಳು ಪೂರ್ಣ ತುಂಬಿದರೆ ಮುಳುಗಬಹುದಾದ ಭೂಮಿಯನ್ನೆಲ್ಲ ಸರ್ಕಾರವು ಸ್ವಾಧೀನಪಡಿಸಿಕೊಂಡಿರಲಿಲ್ಲ. ಉಳಿದ ಖಾಸಗಿ ಜಾಗದಲ್ಲಿ ಕಾಲಕ್ರಮೇಣ ಬಡಾವಣೆಗಳು ಎದ್ದವು. 2009ರಲ್ಲಿ ಎರಡೂ ಅಣೆಕಟ್ಟುಗಳನ್ನು ಅತ್ಯಂತ ಹೆಚ್ಚು ಅಪಾಯದ ವರ್ಗಕ್ಕೆ ಸೇರಿಸಲಾಯಿತು. ನೀರು ಹೊರಬಿಡುವ ಕೊಳವೆಗಳ ಬಳಿಯ ಜಿನುಗು ಮತ್ತು ಕೆಳಭಾಗದ ದಟ್ಟ ಜನವಸತಿ ಇದಕ್ಕೆ ಮುಖ್ಯ ಕಾರಣಗಳು. 2017ರ ಆಗಸ್ಟ್‌ನಲ್ಲಿ ಹಾರ್ವಿ ಚಂಡಮಾರುತ ಬಂದಾಗ ಕಟ್ಟೆಗಳು ಒಡೆಯಲಿಲ್ಲ. ಆದರೆ ಹಿನ್ನೀರು ಸರ್ಕಾರಿ ಗಡಿಯನ್ನು ದಾಟಿ ಮನೆಗಳಿಗೆ ನುಗ್ಗಿತು. ಆಗಸ್ಟ್ 28ರಿಂದ ಬಿಟ್ಟ ನೀರಿನಿಂದ ಕೆಳಭಾಗದವರೂ ಮುಳುಗಿದರು. ಮೇಲ್ಭಾಗದ ನಷ್ಟಕ್ಕೆ ಸರ್ಕಾರವೇ ಹೊಣೆಯೆಂದು 2019ರಲ್ಲಿ ಅಲ್ಲಿನ ನ್ಯಾಯಾಲಯ ತೀರ್ಪಿತ್ತಿತು. ಕಟ್ಟೆ ಭದ್ರವಾಗಿದ್ದ ಮಾತ್ರಕ್ಕೆ ಊರು ಭದ್ರವಾಗಿರುವುದಿಲ್ಲವೆಂಬುದು ಇದರ ಮೊದಲ ಪಾಠ.

ಎರಡನೆಯ ಪಾಠ ಗುಜರಾತಿನ ಮೋರ್ಬಿಯದು. ಇಂದು ಟೈಲ್ಸ್ ಮತ್ತು ಗಡಿಯಾರಗಳಿಂದ ವರ್ತಕರಿಗೆಲ್ಲ ಪರಿಚಿತವಾದ ಈ ಪಟ್ಟಣದ ಮೇಲೆ 1979ರ ಆಗಸ್ಟ್ 11ರಂದು ಮಚ್ಛು-2 ಅಣೆಕಟ್ಟಿನ ನೀರು ಎರಗಿತು. ಅದರ ಕೋಡಿಗೇಟುಗಳನ್ನು ಸುಮಾರು 2 ಲಕ್ಷ ಕ್ಯೂಸೆಕ್ ಹೊರಹರಿವಿಗೆ ವಿನ್ಯಾಸಗೊಳಿಸಲಾಗಿತ್ತು. ಬಂದ ನೀರು ಅದರ ಎರಡು ಪಟ್ಟಿಗೂ ಮಿಗಿಲು. ನಡುವಿನ ಕಲ್ಲುಕಟ್ಟಡ ನಿಂತಿತು, ಇಕ್ಕೆಲದ ಮಣ್ಣಿನ ಏರಿಗಳು ಕೊಚ್ಚಿಹೋದವು. ಸಾವಿರಾರು ಜನರು ಪ್ರಾಣ ತೆತ್ತರು. ಕಾಂಕ್ರೀಟು ತನ್ನ ಮೇಲೆ ಹರಿಯುವ ನೀರನ್ನು ಸ್ವಲ್ಪ ಕಾಲವಾದರೂ ತಾಳಬಲ್ಲದು, ಮಣ್ಣು ತಾಳಲಾರದು. ನೀರು ಏರಿಯ ತುದಿಯನ್ನು ದಾಟಿತೆಂದರೆ ಕೊರೆತ ಆರಂಭವಾಯಿತೆಂದೇ ಅರ್ಥ. ಆದುದರಿಂದ ಮಣ್ಣಿನ ಅಣೆಕಟ್ಟಿನ ಸುರಕ್ಷತೆ ಏರಿಯ ದಪ್ಪಕ್ಕಿಂತಲೂ ಕೋಡಿಯ ಅಗಲವನ್ನು ಅವಲಂಬಿಸಿದೆ.

ಕೋಡಿ ಬಿದ್ದ ಕೆರೆಗೆ ಬಾಗಿನ ಅರ್ಪಿಸುವ ಕನ್ನಡ ನಾಡಿಗೆ ಇದು ಹೊಸ ವಿಷಯವಲ್ಲ. ಪ್ರತಿಯೊಂದು ಕೆರೆಯ ಏರಿಯೂ ಒಂದು ಮಣ್ಣಿನ ಅಣೆಕಟ್ಟೇ. ಆದರೂ ಹೆಚ್ಚು ನೀರು ನಿಲ್ಲಲೆಂದು ಕೋಡಿಗೆ ಮರಳಿನ ಚೀಲ ಪೇರಿಸುವುದು, ರಾಜಕಾಲುವೆಯನ್ನು ಕಿರಿದುಗೊಳಿಸುವುದು, ಏರಿಯ ಮೇಲೆ ಮರ ಬೆಳೆಯಗೊಡುವುದು ನಡೆದೇ ಇದೆ. ಬೇರು ಹಾಗೂ ಇಲಿ-ಹೆಗ್ಗಣಗಳ ಬಿಲಗಳು ನೀರಿಗೆ ದಾರಿ ಮಾಡುತ್ತವೆ. ಏರಿಯ ಬುಡದಲ್ಲಿ ಜಿನುಗುವ ನೀರು ತಿಳಿಯಾಗಿದ್ದರೆ ನಿಗಾ ಇಡಬೇಕು. ಕದಡಿದ್ದರೆ ಒಳಗಿನ ಮಣ್ಣೇ ಹೊರಬರುತ್ತಿದೆಯೆಂದು ತಿಳಿದು ತಕ್ಷಣ ಕಾರ್ಯಪ್ರವೃತ್ತರಾಗಬೇಕು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಮುಂಗಾರಿನ ಮುನ್ನ ಮತ್ತು ನಂತರದ ತಪಾಸಣೆಯನ್ನೂ ತುರ್ತು ಕಾರ್ಯಯೋಜನೆಯನ್ನೂ ಕಡ್ಡಾಯಗೊಳಿಸಿದೆ. ಆದರೆ ಅದು 15 ಮೀಟರಿಗಿಂತ ಎತ್ತರದ ಹಾಗೂ ಕೆಲವು ಷರತ್ತುಗಳಿಗೊಳಪಟ್ಟ 10ರಿಂದ 15 ಮೀಟರ್ ಎತ್ತರದ ಕಟ್ಟೆಗಳಿಗೆ ಮಾತ್ರ ಅನ್ವಯ. ಪೇಟೆಯ ಮಗ್ಗುಲಲ್ಲಿರುವ ಚಿಕ್ಕ ಏರಿಗಳು ಅದರ ವ್ಯಾಪ್ತಿಗೆ ಬರುವುದಿಲ್ಲ.

ಬರಗಾಲವನ್ನು ಕಂಡ ಪ್ರದೇಶದಲ್ಲಿ ಜಲಾಶಯವನ್ನು ಬರಿದಾಗಿಡಿ ಎನ್ನುವುದು ದುಬಾರಿ ಸಲಹೆಯೆಂಬ ಆಕ್ಷೇಪ ಸಹಜ. ರೈತನಿಗೂ ಕಾರ್ಖಾನೆಗೂ ನೀರು ಬೇಕೇಬೇಕು. ಇದಕ್ಕೆ ಪರಿಹಾರ ಕಾಲಮಾನದ ಹಂಚಿಕೆಯಲ್ಲಿದೆ: ಮಳೆಗಾಲದ ಮೊದಲ ಭಾಗದಲ್ಲಿ ನಿಗದಿತ ಜಾಗವನ್ನು ಖಾಲಿ ಇರಿಸಿ, ಋತು ಮುಗಿಯುತ್ತ ಬಂದಂತೆ ತುಂಬಿಸಿಕೊಳ್ಳುವುದು. ಕೊನೆಯಲ್ಲಿ ಮಳೆ ಕೈಕೊಟ್ಟರೆ ಸ್ವಲ್ಪ ನೀರು ಕಡಿಮೆಯಾದೀತು. ಅದನ್ನು ವಿಮಾ ಕಂತೆಂದು ಭಾವಿಸಬೇಕು.

ವಿಮೆಯಿದೆಯಲ್ಲ ಎಂಬ ಸಮಾಧಾನವೂ ಅಪೂರ್ಣ. ದಾಸ್ತಾನನ್ನು ಕಡಿಮೆ ಮೌಲ್ಯಕ್ಕೆ ವಿಮೆ ಮಾಡಿಸಿದ್ದರೆ ಪರಿಹಾರವೂ ಅದೇ ಅನುಪಾತದಲ್ಲಿ ಕಡಿತಗೊಳ್ಳುತ್ತದೆ. ಜಿಎಸ್‌ಟಿ ಕಾಯ್ದೆಯ 17(5)(ಎಚ್) ಕಲಮಿನ ಪ್ರಕಾರ, ನಾಶವಾದ ಸರಕಿನ ಮೇಲಿನ ಹೂಡುವಳಿ ತೆರಿಗೆ ಜಮೆಯೂ ದಕ್ಕುವುದಿಲ್ಲ, ಪಡೆದಿದ್ದರೆ ಹಿಂದಿರುಗಿಸಬೇಕು. ಸರಕೂ ಹೋಗಿ, ತೆರಿಗೆಯೂ ಹೋಗಿ, ಅಂಗಡಿ ಮುಚ್ಚಿದ ದಿನಗಳಲ್ಲಿ ಗಿರಾಕಿಯೂ ಬೇರೆಡೆಗೆ ಹೋಗುತ್ತಾನೆ.

ಆದುದರಿಂದ ವಾಣಿಜ್ಯ ಸಂಘಗಳು ಮುಂಗಾರಿಗೆ ಮೊದಲೇ ಮೂರು ಸಂಗತಿಗಳನ್ನು ಲಿಖಿತವಾಗಿ ಕೇಳಬೇಕು. ಊರಿನ ಮೇಲ್ಭಾಗದ ಜಲಾಶಯದಲ್ಲಿ ಯಾವ ತಿಂಗಳು ಎಷ್ಟು ಜಾಗ ಖಾಲಿ ಇರುತ್ತದೆ? ಏರಿ, ತೂಬು ಮತ್ತು ಕೋಡಿಯ ಕೊನೆಯ ತಪಾಸಣೆ ಯಾವಾಗ ನಡೆಯಿತು, ಅದರಲ್ಲಿ ಕಂಡ ದೋಷಗಳು ದುರಸ್ತಿಯಾದವೇ? ನೀರು ಬಿಡುವ ಎಷ್ಟು ಗಂಟೆ ಮುನ್ನ ಪೇಟೆಗೆ ಎಚ್ಚರಿಕೆ ತಲುಪುತ್ತದೆ? ಇದರ ಜೊತೆಗೆ, ಅಗ್ಗವೆಂದು ಕೆರೆಯಂಗಳದಲ್ಲಿ ನಿವೇಶನ ಕೊಳ್ಳುವ ಸದಸ್ಯನನ್ನು ತಡೆಯುವ ಹೊಣೆಯೂ ಸಂಘದ್ದೇ. ಲೆಕ್ಕಪತ್ರವನ್ನು ವರ್ಷಕ್ಕೊಮ್ಮೆ ಪರಿಶೋಧನೆಗೆ ಒಪ್ಪಿಸುವ ವರ್ತಕ ಸಮುದಾಯವು, ತನ್ನ ಬಂಡವಾಳವನ್ನೆಲ್ಲ ಕಾಯುತ್ತಿರುವ ಮಣ್ಣಿನ ಗೋಡೆಗೂ ಅದೇ ಶಿಸ್ತನ್ನು ಬೇಡುವುದು ಅತಿಯಾದ ಬೇಡಿಕೆಯಲ್ಲ.