ಗೋಡೆಯಾಚೆಗೂ ಗಾನ

ಬೀದಿಗೊಂದು ರೇಡಿಯೋ ಇದ್ದು, ಸಂಜೆಯ ಹೊತ್ತು ಅದರ ಮುಂದೆ ನಾಲ್ಕು ಮನೆಯವರು ಕಲೆತು ಕುಳಿತು ಸಂಗೀತ ಕೇಳುತ್ತಿದ್ದ ಕಾಲವೊಂದಿತ್ತು. ಈಗ ಮನೆಗೇ ನಾಲ್ಕು ಸ್ಪೀಕರುಗಳು. ಕೇಳುವವರು ಮಾತ್ರ ಬೇರೆ ಬೇರೆ ಕೋಣೆಗಳಲ್ಲಿ. ಹಾಡು ಬರುವ ದಾರಿಯೂ ಬದಲಾಗಿದೆ. ಬಾನುಲಿ ಕೇಂದ್ರದ ಎತ್ತರದ ಕಂಬದಿಂದ ನೇರವಾಗಿ ಬರುತ್ತಿದ್ದ ಅಲೆ ಈಗ ಗಾಜಿನ ಎಳೆಯೊಳಗೆ ಬೆಳಕಾಗಿ ಮನೆಯ ಬಾಗಿಲವರೆಗೆ ಬರುತ್ತದೆ. ಅಲ್ಲಿಂದ ಮುಂದೆ ರೂಟರ್ ಎಂಬ ಪುಟ್ಟ ಪೆಟ್ಟಿಗೆಯ ಕೃಪೆಯಿಂದ ಮತ್ತೆ ಅಲೆಯಾಗಿ ಕೋಣೆ ಕೋಣೆಗೂ ಹರಡಬೇಕು. ಸಾವಿರಾರು ಮೈಲಿ ಸುಗಮವಾಗಿ ಸಾಗಿಬಂದ ಹಾಡು ಎಡವಿ ಬೀಳುವುದು ಬಹುಮಟ್ಟಿಗೆ ಈ ಕಡೆಯ ಮೂವತ್ತು ಅಡಿಗಳಲ್ಲಿಯೇ.

ಮೈಸೂರಿನ ಹಳೆಯ ಬಡಾವಣೆಯೊಂದರ ಮನೆಯನ್ನು ಓದುಗರು ಕಣ್ಮುಂದೆ ತಂದುಕೊಳ್ಳಬಹುದು. ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನಾರಂಭಿಸಿ, ಅದನ್ನು 'ಆಕಾಶವಾಣಿ' ಎಂದು ಕರೆದ ಊರು ಅದು. ನಿಸ್ತಂತು ವಿದ್ಯೆ ಅಲ್ಲಿಯ ಮನೆಗಳಿಗೆ ಹೊಸತೇನಲ್ಲ. ಮುಂದೆ ಜಗಲಿ, ನಡುವೆ ಪಡಸಾಲೆ, ಹಿಂದೆ ಅಡಿಗೆಮನೆ, ಅದರ ಮಗ್ಗುಲಲ್ಲಿ ಒಂದು ಕೋಣೆ. ಒಂದೂವರೆ ಅಡಿ ದಪ್ಪದ ಇಟ್ಟಿಗೆಯ ಗೋಡೆಗಳು. ಆ ಕೋಣೆಯಲ್ಲಿ ಎಂಬತ್ತು ದಾಟಿದ ತಾಯಿ. ಕಣ್ಣು ಮಂಜಾಗಿ ಓದು ನಿಂತುಹೋಗಿದೆ, ನಡೆದಾಡುವುದೂ ಕಷ್ಟ. ಉಳಿದಿರುವುದು ಕಿವಿಯೊಂದೇ. ಆಕಾಶವಾಣಿಯವರು 2016ರ ಗಣರಾಜ್ಯದಿನದಂದು ಬೆಂಗಳೂರಿನಿಂದ ಆರಂಭಿಸಿದ 'ರಾಗಂ' ಪ್ರಸಾರವನ್ನು ಮಗ ಅಂತರ್ಜಾಲದ ಮೂಲಕ ಆಕೆಯ ಹಾಸಿಗೆಯ ಬದಿಯ ಸ್ಪೀಕರಿಗೆ ಹಾಕಿಕೊಟ್ಟಿದ್ದಾನೆ. ಆದರೆ ಆಲಾಪನೆ ಕಳೆಯೇರುವ ಹೊತ್ತಿಗೆ ಸರಿಯಾಗಿ ಸ್ವರ ಕಡಿದುಹೋಗುತ್ತದೆ.

"ಯಾಕೋ ನಿಂತುಹೋಯಿತು? ತೋಡಿ ಈಗಷ್ಟೇ ಕುದುರಿತ್ತು!" ಎಂದು ತಾಯಿ ಕೂಗುತ್ತಾಳೆ. ದಿನಕ್ಕೆ ಹತ್ತು ಬಾರಿ ಈ ಕೂಗನ್ನು ಕೇಳಿದ ಮಗ ಹೊಸ ರೂಟರ್ ತರಲು ಪೇಟೆಗೆ ಹೊರಡುತ್ತಾನೆ.

"ಇದು ಮೂರು ಸಾವಿರದ್ದು ಸ್ವಾಮೀ," ಎನ್ನುತ್ತಾನೆ ಅಂಗಡಿಯವನು. ಗಿರಾಕಿ ಜೇಬು ಮುಟ್ಟಿಕೊಳ್ಳುತ್ತಾನೆ. ಆದರೆ ಅದು ಬೆಲೆಯಲ್ಲ, ವೇಗ! ಪೆಟ್ಟಿಗೆಯ ಮೇಲೆ 'ಎಎಕ್ಸ್ 3000' ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಈ ಸಂಖ್ಯೆ ಬಂದ ಬಗೆ ಬಲು ಸ್ವಾರಸ್ಯದ್ದು. 2.4 ಗಿಗಾಹರ್ಟ್ಸ್ ಪಟ್ಟಿಯ ಗರಿಷ್ಠ ವೇಗ ಸೆಕೆಂಡಿಗೆ 574 ಮೆಗಾಬಿಟ್; 5 ಗಿಗಾಹರ್ಟ್ಸ್ ಪಟ್ಟಿಯದು 2402. ಎರಡನ್ನೂ ಕೂಡಿಸಿದರೆ 2976. ಉಳಿದ 24 ಮುದ್ರಕನ ಔದಾರ್ಯ. ಊರಿಗೆ ಹೋಗುವ ಎರಡು ರಸ್ತೆಗಳ ವೇಗಮಿತಿಗಳನ್ನು ಕೂಡಿಸಿ, ಬಸ್ಸು ಅಷ್ಟು ವೇಗವಾಗಿ ಓಡುವುದೆಂದು ಹೇಳಿದಂತಾಯಿತು. ಸಾಮಾನ್ಯ ಸ್ಪೀಕರು ಒಮ್ಮೆಗೆ ಒಂದೇ ರಸ್ತೆಯಲ್ಲಿ ಸಂಚರಿಸತಕ್ಕದ್ದು. ಅದೂ ಗೋಡೆಗಳಿಲ್ಲದ, ನೆರೆಯವರಿಲ್ಲದ ಪ್ರಯೋಗಶಾಲೆಯ ಲೆಕ್ಕ.

ಹೋಗಲಿ, ಸಂಗೀತಕ್ಕೆ ಇಷ್ಟು ವೇಗ ಬೇಕೆ? ಲೆಕ್ಕ ಹಾಕಿಯೇ ನೋಡಬಹುದು. ಸಿ.ಡಿ. ತಟ್ಟೆಯ ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆಯುತ್ತಾರೆ. ಪ್ರತಿ ಅಳತೆಗೂ 16 ಬಿಟ್. ಎಡ ಬಲಗಳೆರಡಕ್ಕೂ ಸೇರಿ ಒಟ್ಟು 14,11,200 ಬಿಟ್, ಅಂದರೆ 1.4 ಮೆಗಾಬಿಟ್. ಸಂಕೋಚಗೊಳಿಸಿ ಕಳುಹಿಸುವ ಸಂಗೀತಸೇವೆಗಳಲ್ಲಿ ಒಳ್ಳೆಯ ಗುಣಮಟ್ಟದ ಹಾಡಿಗೂ 0.32 ಮೆಗಾಬಿಟ್ ಸಾಕು. ಕಿವಿ ಬಲು ಸೂಕ್ಷ್ಮವಾಗಿರುವ ರಸಿಕರು ಬಯಸುವ 24 ಬಿಟ್, 96 ಕಿಲೋಹರ್ಟ್ಸ್ ಧ್ವನಿಗೂ 4.6 ಮೆಗಾಬಿಟ್ಟಿಗಿಂತ ಹೆಚ್ಚು ಬೇಡ. 1999ರಲ್ಲಿ ಬಂದ 11 ಮೆಗಾಬಿಟ್ಟಿನ ಹಳೆಯ ವೈ-ಫೈ ಕೂಡ ಒಂದು ಸಿ.ಡಿ.ಯ ಹಾಡನ್ನು ಹೊತ್ತು ನಡೆಯಬಲ್ಲದು. ಹಾಗಿರುವಾಗ ಮೂರು ಸಾವಿರದ ಆಸೆ ಏಕೆ?

ಸಂಗೀತಕ್ಕೆ ಬೇಕಾದುದು ವೇಗವಲ್ಲ, ಲಯ ತಪ್ಪದ ಪೂರೈಕೆ. ಅಲೆಯಲ್ಲಿ ಬಂದ ತುಣುಕು ಕೆಟ್ಟುಹೋದರೆ ರೂಟರು ಅದನ್ನು ಮತ್ತೆ ಕಳುಹಿಸುತ್ತದೆ. ಮುದ್ರಿತ ಹಾಡಾದರೆ ಸ್ಪೀಕರು ಕೆಲವು ಸೆಕೆಂಡುಗಳಷ್ಟನ್ನು ಮುಂಚಿತವಾಗಿಯೇ ಕೂಡಿಟ್ಟುಕೊಂಡಿರುವುದರಿಂದ ಈ ತಡ ಕೇಳುವವರಿಗೆ ತಿಳಿಯುವುದಿಲ್ಲ. ನೇರ ಪ್ರಸಾರದಲ್ಲಿ ಹೀಗೆ ಕೂಡಿಡಲು ಅವಕಾಶ ಕಡಿಮೆ. ಇನ್ನೂ ಹಾಡದಿರುವುದನ್ನು ಕೂಡಿಡುವುದಾದರೂ ಹೇಗೆ? ಹಲವು ಕೋಣೆಗಳ ಸ್ಪೀಕರುಗಳು ಒಂದೇ ಹಾಡನ್ನು ಒಟ್ಟಾಗಿ ನುಡಿಸಬೇಕಾದಾಗಲೂ ಕಷ್ಟವೇ. ಒಂದು ಕ್ಷಣ ಹಿಂದೆ ಬಿದ್ದರೂ ಪಕ್ಕವಾದ್ಯ ತಾಳ ತಪ್ಪಿದಂತೆ ಕೇಳಿಸುವುದು.

ಆದುದರಿಂದ ಕೊಳ್ಳುವ ಮುನ್ನ ಮನೆಯನ್ನು ನೋಡಬೇಕು. 2.4 ಗಿಗಾಹರ್ಟ್ಸಿನ ಅಲೆಯ ಉದ್ದ ಸುಮಾರು 12 ಸೆಂಟಿಮೀಟರು. 5 ಗಿಗಾಹರ್ಟ್ಸಿನದು ಅದರ ಅರ್ಧಕ್ಕಿಂತ ತುಸು ಕಡಿಮೆ. ಮೊದಲನೆಯದು ಗೋಡೆಯನ್ನು ಹೆಚ್ಚು ದಾಟುತ್ತದೆ, ಆದರೆ ಆ ದಾರಿಯಲ್ಲಿ ಜಾತ್ರೆಯ ಜನಸಂದಣಿ. ನೆರೆಮನೆಗಳ ರೂಟರುಗಳು, ಬ್ಲೂಟೂತ್ ಉಪಕರಣಗಳು, ಅಡಿಗೆಮನೆಯ ಮೈಕ್ರೋವೇವ್ ಒಲೆ—ಎಲ್ಲವೂ ಅಲ್ಲಿಯೇ. ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲುಗಳು ಮೂರೇ: 1, 6, 11. ಎರಡನೆಯ ಪಟ್ಟಿಯಲ್ಲಿ ಸ್ಥಳ ಧಾರಾಳ. ಭಾರತದಲ್ಲಿ 2018ರಲ್ಲಿ ಅದರ ಬಹುಭಾಗವನ್ನು ಪರವಾನಗಿಯಿಲ್ಲದ ಬಳಕೆಗೆ ಬಿಟ್ಟುಕೊಟ್ಟರು. ಆದರೆ ದಪ್ಪ ಗೋಡೆಯನ್ನು ಕಂಡರೆ ಅದು ಬೇಗ ಬಸವಳಿಯುತ್ತದೆ. ಕಡಿಮೆ ಬೆಲೆಯ ಸ್ಪೀಕರುಗಳಲ್ಲಿ ಎಷ್ಟೋ ಮೊದಲನೆಯ ಪಟ್ಟಿಯನ್ನು ಮಾತ್ರವೇ ಬಲ್ಲವು. ಎರಡೂ ಪಟ್ಟಿಗಳುಳ್ಳ ರೂಟರೇ ಬೇಕೆನ್ನುವುದು ಇದಕ್ಕಾಗಿ.

ಕಬ್ಬಿಣದ ಬೀರು, ಆಳೆತ್ತರದ ನಿಲುವುಗನ್ನಡಿ, ನೀರು ತುಂಬಿದ ತೊಟ್ಟಿ—ಇವು ಮೂರೂ ಅಲೆಗಳಿಗೆ ಪರಮವೈರಿಗಳು. ಮೇಲೆ ಹೇಳಿದ ಮನೆಯಲ್ಲಿ ಸಂಪರ್ಕ ಕೊಟ್ಟವರ ಪೆಟ್ಟಿಗೆ ಜಗಲಿಯ ಮೂಲೆಯಲ್ಲಿ, ಬೀರುವಿನ ಬೆನ್ನಿಗೆ ಕುಳಿತಿತ್ತು. ತಂತಿ ಎಲ್ಲಿ ಒಳಹೊಕ್ಕಿತೋ ಅಲ್ಲಿಯೇ ಅದನ್ನು ಪ್ರತಿಷ್ಠಾಪಿಸಿ ಹೋಗುವುದು ಲೋಕದ ವಾಡಿಕೆ.

ಹೊಸ ರೂಟರನ್ನು ಪಡಸಾಲೆಗೆ ತಂದಿಟ್ಟ ದಿನ ಮಗನಿಗೆ ಇನ್ನೊಂದು ಸೋಜಿಗ ಕಾದಿತ್ತು. ಅವನ ಫೋನಿಗೆ ತಾಯಿಯ ಸ್ಪೀಕರು ಕಾಣಿಸಲೇ ಇಲ್ಲ! ಹಳೆಯ ಪೆಟ್ಟಿಗೆಯೂ ರೂಟರೇ, ಹೊಸದೂ ರೂಟರೇ. ಎರಡನ್ನೂ ಒಂದರ ಹಿಂದೊಂದು ಜೋಡಿಸಿದ್ದರಿಂದ ಮನೆಯಲ್ಲಿ ಎರಡು ಜಾಲಗಳಾದವು. ಫೋನು ಹೊಸದರಲ್ಲಿ, ಸ್ಪೀಕರು ಹಳೆಯದರಲ್ಲಿ. 'ಇಲ್ಲಿ ಸ್ಪೀಕರು ಯಾರಿದ್ದೀರಿ?' ಎಂದು ಫೋನು ಕೂಗುವ ಕೂಗು ತನ್ನ ಜಾಲದ ಹೊಸ್ತಿಲನ್ನು ದಾಟದು. ಅತಿಥಿಗಳಿಗೆಂದು ಬೇರೆ ಮಾಡಿದ ಜಾಲಕ್ಕೆ ಸ್ಪೀಕರನ್ನು ಸೇರಿಸಿದರೂ ಇದೇ ಗತಿ. ಒಡೆದ ಮನೆಯ ಅಣ್ಣತಮ್ಮಂದಿರಂತೆ, ನಡುವೆ ಒಂದೇ ಗೋಡೆಯಿದ್ದರೂ ಮಾತಿಲ್ಲ. ಪರಿಹಾರ ಸುಲಭ: ಸಂಪರ್ಕ ಕೊಟ್ಟವರಿಗೆ ಹೇಳಿ ಹಳೆಯದನ್ನು ಬರಿಯ ಸೇತುವೆಯಾಗಿಸಬೇಕು, ಇಲ್ಲವೆ ಹೊಸದನ್ನು 'ಆಕ್ಸೆಸ್ ಪಾಯಿಂಟ್' ಕ್ರಮಕ್ಕೆ ತಿರುಗಿಸಿ, ಯಜಮಾನಿಕೆಯನ್ನು ಹಳೆಯದಕ್ಕೇ ಬಿಡಬೇಕು. ಈ ಕ್ರಮವಿದೆಯೇ ಎಂದು ಅಂಗಡಿಯಲ್ಲಿ ಕೇಳುವುದು, 'ಎಷ್ಟು ಸಾವಿರದ್ದು?' ಎಂದು ಕೇಳುವುದಕ್ಕಿಂತ ಮೇಲು.

ಎರಡು ಪೆಟ್ಟಿಗೆಗಳ ನಡುವೆ ತಂತಿಯನ್ನೆಳೆಯುವುದಕ್ಕೆ ಎಷ್ಟೋ ಗೃಹಿಣಿಯರ ಆಕ್ಷೇಪಣೆಯುಂಟು. ಬಣ್ಣ ಬಳಿದ ಗೋಡೆಯ ಮೇಲೆ ಕಪ್ಪು ಹಾವು ಹರಿದಂತೆ ಕಾಣುವುದೆಂದು. ಅದು ಸುಳ್ಳಲ್ಲ. ಆದರೆ ತಂತಿಯಿಲ್ಲದೆ ಅಲೆಯನ್ನೇ ಹಿಡಿದು ಮುಂದಕ್ಕೆ ದಾಟಿಸುವ ಅಗ್ಗದ 'ರಿಪೀಟರ್' ಪ್ರತಿ ತುಣುಕನ್ನೂ ಅದೇ ಗಾಳಿಯಲ್ಲಿ ಎರಡು ಬಾರಿ ಕಳುಹಿಸಬೇಕಾಗುತ್ತದೆ; ದಾರಿ ಅರ್ಧವಾಗುತ್ತದೆ, ತಡವೂ ಹೆಚ್ಚುತ್ತದೆ. ನೂರು ಮೀಟರಿನವರೆಗೂ ನಿಶ್ಚಿಂತೆಯಾಗಿ ಸಾಗುವ ಈಥರ್ನೆಟ್ ತಂತಿಯನ್ನು ಸೂರಿನಂಚಿನಲ್ಲಿ ಅಡಗಿಸಿ ಎಳೆದರೆ ಬಣ್ಣವೂ ಉಳಿದೀತು, ಹಾಡೂ ಉಳಿದೀತು. ತಂತಿಗೆ ಆಸ್ಪದವೇ ಇಲ್ಲದ ಮನೆಗೆ, ತಮ್ಮೊಳಗಿನ ಮಾತಿಗೆಂದೇ ಮೂರನೆಯ ಪಟ್ಟಿಯೊಂದನ್ನು ಮೀಸಲಿಟ್ಟ ಮೆಷ್ ರೂಟರುಗಳ ಜೊತೆಗಳುಂಟು, ಬೆಲೆ ಹೆಚ್ಚು.

ವೈ-ಫೈ 6 ಎಂಬ ತಲೆಮಾರಿನ ಸಾಧಾರಣ ರೂಟರು ಈ ಕೆಲಸಕ್ಕೆ ಧಾರಾಳವಾಯಿತು. ಹಿಂದೆ ಪ್ರತಿ ಪ್ರಯಾಣಿಕನಿಗೂ ಒಂದೊಂದು ಬಂಡಿ ಹೂಡಬೇಕಾಗಿತ್ತು. ಇದರಲ್ಲಿ ಹಲವು ಉಪಕರಣಗಳ ಸಣ್ಣ ಗಂಟುಗಳನ್ನು ಒಂದೇ ಬಂಡಿಯಲ್ಲಿ ಹೇರಬಹುದು. ವೈ-ಫೈ 7 ಕೂಡ ಬಂದಿದೆ. ಕೇವಲ ಹಾಡಿಗಾಗಿ ಅದನ್ನು ಕೊಳ್ಳುವುದು ಹೂವು ತರಲು ಲಾರಿ ಕಳುಹಿಸಿದಂತೆ. ಮೊಮ್ಮಗ ತನ್ನ ಚಲನಚಿತ್ರಗಳನ್ನು ಮೇಲಕ್ಕೆ ಕಳುಹಿಸುತ್ತಿರುವಾಗ ಅಜ್ಜಿಯ ಹಾಡು ಸರದಿಯಲ್ಲಿ ನಿಂತು ಸೊರಗದಂತೆ ಆದ್ಯತೆ ಗೊತ್ತುಪಡಿಸುವ ಸೌಕರ್ಯ ಇರುವುದು ಅಗತ್ಯ. ತಯಾರಕರು ಭದ್ರತೆಯ ತಿದ್ದುಪಡಿಗಳನ್ನು ಎಷ್ಟು ವರ್ಷ ಕೊಡುವರೆಂಬುದನ್ನೂ ವಿಚಾರಿಸತಕ್ಕದ್ದು. ವಿದ್ಯುತ್ತು ಹೋದಾಗ ರೂಟರನ್ನು ಕೆಲವು ಗಂಟೆ ಜೀವಂತವಾಗಿಡುವ 12 ವೋಲ್ಟಿನ ಪುಟ್ಟ ಯು.ಪಿ.ಎಸ್. ಸಿಗುತ್ತದೆ, ಆದರೆ ಫೈಬರ್ ಪೆಟ್ಟಿಗೆಯನ್ನೂ ಅದಕ್ಕೇ ಸಿಕ್ಕಿಸಲು ಮರೆತರೆ ಪ್ರಯೋಜನವಿಲ್ಲ.

ಮೈಸೂರಿನ ಆ ಮನೆಯಲ್ಲಿ ಕೊನೆಗೆ ಆದದ್ದಿಷ್ಟು: ಹಳೆಯ ಪೆಟ್ಟಿಗೆ ಬೀರುವಿನ ಮರೆಯಿಂದ ಎತ್ತರದ ಗೂಟಕ್ಕೇರಿತು; ಹೊಸದು ತಂತಿಯ ತುದಿಯಲ್ಲಿ ಆಕ್ಸೆಸ್ ಪಾಯಿಂಟಾಗಿ, ತಾಯಿಯ ಕೋಣೆಯ ಬಾಗಿಲ ನೇರಕ್ಕೆ ನಿಂತಿತು. ಎರಡು ದಿನ ಎಡೆಬಿಡದ ಸಂಗೀತ. ಮೂರನೆಯ ದಿನ ಸ್ವರ ಮತ್ತೆ ಥಟ್ಟನೆ ನಿಂತುಹೋದಾಗ ಮಗ ಗಾಬರಿಯಿಂದ ಓಡಿಬಂದನು.

"ಏನೂ ಆಗಿಲ್ಲ ಕಣೋ, ನಾನೇ ಗುಂಡಿ ಒತ್ತಿದೆ," ಎಂದಳು ತಾಯಿ. "ಶ್ರುತಿ ಸೇರಿಸಿಕೊಳ್ಳದೆ ಹಾಡಿದರೆ ಎಷ್ಟು ಹೊತ್ತೂಂತ ಕೇಳೋದು?"