ಬಳೆಗಾರನ ಗುಟ್ಟು



ಪುಣೆ ಒಂದು ಕಾಲಕ್ಕೆ ಸೈಕಲ್ಲುಗಳ ಊರೆಂದೇ ಹೆಸರಾಗಿತ್ತು. ನಮ್ಮ ಮನೆಯ ಕರಿ ಸೈಕಲ್ಲಿನ ಟೈರನ್ನು ಚಿಕ್ಕಂದಿನಲ್ಲಿ ನಾನು ಎಷ್ಟು ಸಲ ಬಿಚ್ಚಿ ಹಾಕಿದ್ದೇನೋ ಲೆಕ್ಕವಿಲ್ಲ. ಆದ್ದರಿಂದ ಈ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲವೆಂಬ ಸಣ್ಣ ಜಂಭವೊಂದು ನನ್ನಲ್ಲಿತ್ತು. ಮೊನ್ನೆ ಅದು ಗಾಳಿ ಹೋದಂತೆ ಇಳಿಯಿತು.

ನಮ್ಮ ಮಗಳು ತನ್ನ ರೋಡ್ ಬೈಕಿನ ಮೇಲೆ 200 ಕಿಲೋಮೀಟರಿನ ‘ಬ್ರೆವೆ’ ಸವಾರಿಗೆ ಹೆಸರು ಕೊಟ್ಟಿದ್ದಳು. ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು. ದಾರಿಯಲ್ಲಿ ಮನೆಯವರ ಕಾರು ಹಿಂದೆ ಹಿಂದೆ ಬಂದು ನೆರವಾಗುವಂತಿಲ್ಲ. ನಸುಕಿನಲ್ಲಿ ಒಬ್ಬಳೇ ಹೊರಡುವ ಹುಡುಗಿ! “ಪಂಕ್ಚರಾದರ ನೀನಽ ಟೈರು ಹಾಕಿ ತೋರಸು, ಆಮ್ಯಾಲೆ ಹೋಗು” ಎಂದೆ. ಹೊರಡುವ ಹಿಂದಿನ ರಾತ್ರಿ ಆಕೆ ಹೊಸ ಟೈರು ಹಿಡಿದು ಪಡಸಾಲೆಯಲ್ಲಿ ಕೂತಳು. ಮುಕ್ಕಾಲು ಭಾಗ ಸಲೀಸಾಗಿ ಕೂತಿತು. ಕೊನೆಯ ಗೇಣು ಮಾತ್ರ ಜಪ್ಪಯ್ಯ ಎಂದರೂ ಒಳಗೆ ಹೋಗಲಿಲ್ಲ.

“ಇತ್ತ ತಾ” ಎಂದು ನಾನು ಲಿವರ್ ಹಾಕಿ ಮೀಟಿದೆ. ಟೈರೇನೋ ಕೂತಿತು, ಗಾಳಿ ಹೊಡೆದರೆ ಪುಸ್ಸೆಂದಿತು. ಲಿವರಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ತೂತಾಗಿತ್ತು. ಎರಡನೆಯ ಟ್ಯೂಬಿಗೂ ಅದೇ ಗತಿ. ಉಳಿದದ್ದು ಎರಡೇ: ಒಂದು ಚಕ್ರಕ್ಕೆ, ಒಂದು ದಾರಿಗೆ. ಅಂಗಡಿಗಳೆಲ್ಲ ಮುಚ್ಚಿದ್ದವು. “ಈ ಸಲ ಬ್ಯಾಡ ಬಿಡವಾ” ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು.

ಆಗ ಮೂಲೆಯಲ್ಲಿ ಕೂತಿದ್ದ ನಮ್ಮ ತಾಯಿ, “ಅದನ್ಯಾಕ ಹಂಗ ಜಗ್ಗತೀಯೋ ತಮ್ಮಾ? ಬಳಿಗಾರ ಬಳಿ ಜಗ್ಗತಾನೇನು? ಕೈ ಹಿಚುಕಿ ಸಣ್ಣ ಮಾಡತಾನ” ಎಂದರು.

ಗುಟ್ಟೆಲ್ಲ ಅಲ್ಲಿಯೇ ಇತ್ತು. ಎತ್ತಿನ ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಕಾಸಿ ಹಿಗ್ಗಿಸಿ ಹಾಕುತ್ತಾರೆ. ಸೈಕಲ್ ಟೈರಿನ ಎರಡೂ ಅಂಚುಗಳಲ್ಲಿ ಹುದುಗಿರುವ ತಂತಿ, ಅಥವಾ ಮಡಿಚುವ ಟೈರುಗಳಲ್ಲಿರುವ ಗಟ್ಟಿ ನಾರು, ಹಿಗ್ಗುವುದಿಲ್ಲ, ಹಿಗ್ಗಬಾರದು ಕೂಡ. ಹಿಗ್ಗಿದರೆ ಗಾಳಿಯ ಒತ್ತಡಕ್ಕೆ ಟೈರೇ ರಿಮ್ಮಿನಿಂದ ಹಾರಿಹೋದೀತು. ಆದ್ದರಿಂದ ಸಣ್ಣದಾಗಬೇಕಾದದ್ದು ಚಕ್ರವೇ. ಅದಕ್ಕಾಗಿಯೇ ರಿಮ್ಮಿನ ನಟ್ಟನಡುವೆ ಸುತ್ತಲೂ ಒಂದು ತಗ್ಗು ಇರುತ್ತದೆ. 1888ರಲ್ಲಿ ಬೆಲ್‌ಫಾಸ್ಟಿನ ಡನ್‌ಲಪ್ ಗಾಳಿಯ ಟೈರನ್ನು ತಂದ ಮೇಲೆ, 1890ರಲ್ಲಿ ವೆಲ್ಚ್ ಎಂಬ ಆಂಗ್ಲನು ಹಿಗ್ಗದ ತಂತಿ ಮತ್ತು ನಡುದಗ್ಗಿನ ರಿಮ್ಮು, ಈ ಜೋಡಿಗೆ ಪೇಟೆಂಟು ಪಡೆದನು.

ಲೆಕ್ಕ ನೋಡಿ. ರೋಡ್ ಬೈಕಿನ 700ಸಿ ರಿಮ್ಮಿನಲ್ಲಿ ಟೈರು ಕೂರುವ ಜಾಗದ ವ್ಯಾಸ 622 ಮಿಲಿಮೀಟರು. ತಂತಿಯು ಸುತ್ತಲೂ ಬರಿಯ 3 ಮಿ.ಮೀ. ಕೆಳಗಿಳಿದರೆ ವ್ಯಾಸದಲ್ಲಿ 6 ಮಿ.ಮೀ., ಸುತ್ತಳತೆಯಲ್ಲಿ ಸುಮಾರು 19 ಮಿ.ಮೀ. ಸಡಿಲ ಸಿಗುತ್ತದೆ. ನಾವು ಹೆಬ್ಬೆರಳು ನೋಯಿಸಿಕೊಳ್ಳುವುದು ಅಷ್ಟರ ಸಲುವಾಗಿಯೇ.

ಇನ್ನು ಕ್ರಮ. ಟ್ಯೂಬಿಗೆ ದುಂಡಗಾಗುವಷ್ಟು ಮಾತ್ರ ಗಾಳಿ ತುಂಬಿ. ಟೈರಿನ ಒಂದು ಅಂಚನ್ನು ಪೂರ್ತಿ ಕೂಡಿಸಿ, ಟ್ಯೂಬನ್ನು ಒಳಗಿಡಿ. ಎರಡನೆಯ ಅಂಚನ್ನು ವಾಲ್ವಿನ ಎದುರು ಬದಿಯಿಂದ ಆರಂಭಿಸಿ, ಎರಡೂ ಕೈಗಳಿಂದ ಸರಿಸುತ್ತ ವಾಲ್ವಿನ ಹತ್ತಿರ ಮುಗಿಸಿ. ಬಹಳ ಜನ ತಪ್ಪುವುದು ಇಲ್ಲಿಯೇ: ವಾಲ್ವಿನ ದಪ್ಪ ಬುಡವು ತಗ್ಗನ್ನು ತುಂಬಿಕೊಂಡಿರುವುದರಿಂದ ಅಲ್ಲಿ ತಂತಿ ಕೆಳಗಿಳಿಯದು, ಅಲ್ಲಿಂದ ಆರಂಭಿಸಿದರೆ ಸಿಗಬೇಕಾದ ಸಡಿಲ ಅಲ್ಲಿಯೇ ಕಳೆದುಹೋಗುತ್ತದೆ.

ಬಿಗಿಯಾದೊಡನೆ ಬಲ ಹಾಕಬೇಡಿ. ಗಾಳಿಯನ್ನೆಲ್ಲ ಬಿಟ್ಟು, ಆರಂಭಿಸಿದ ಜಾಗಕ್ಕೆ ಮರಳಿ, ಟೈರಿನ ಎರಡೂ ಬದಿಗಳನ್ನು ಬೆರಳುಗಳಿಂದ ನಡುವಿಗೆ ಹಿಚುಕುತ್ತ, ಸಿಕ್ಕ ಸಡಿಲವನ್ನು ವಾಲ್ವಿನ ಕಡೆಗೆ ನೀವಿ ತನ್ನಿ. ಒಮ್ಮೆಗಾಗದಿದ್ದರೆ ಮೂರು ಸಲ. ಉಳಿದ ಅಂಚಿಗೆ ಸಾಬೂನಿನ ನೀರು ಸವರಿ, ಅಂಗೈಯಿಂದ ಹೊರಳಿಸಿ ಒಳಗೆ ತಳ್ಳಿ. ಹಾಗೂ ಹಟ ಹಿಡಿದರೆ ರಿಮ್ಮಿನೊಳಗಿನ ಪಟ್ಟಿಯನ್ನು ನೋಡಿ. ದಪ್ಪ ಬಟ್ಟೆಯ ಪಟ್ಟಿ ತಗ್ಗನ್ನೇ ತುಂಬಿಬಿಡುತ್ತದೆ. ಕಡ್ಡಿಗಳ ತೂತು ಪೂರಾ ಮುಚ್ಚುವಂಥ ತೆಳುಪಟ್ಟಿ ಹಾಕಿಸಿ. ಟ್ಯೂಬಿಲ್ಲದ ಟೈರಿಗೂ ಹೊಂದುವ ರಿಮ್ಮುಗಳು ಹೆಚ್ಚು ಬಿಗಿ. ಅಲ್ಲಿ ತಾಳ್ಮೆ ಇಮ್ಮಡಿಯಾಗಿರಲಿ.

ಕೂತ ಮೇಲೆ ವಾಲ್ವನ್ನು ಒಮ್ಮೆ ಒಳಕ್ಕೆ ಒತ್ತಿ ಬಿಡಿ. ಎರಡೂ ಬದಿಗಳಲ್ಲಿ ಸುತ್ತಲೂ ಟ್ಯೂಬು ಇಣುಕುತ್ತಿಲ್ಲವೆಂದು ನೋಡಿಕೊಂಡು ಸ್ವಲ್ಪ ಗಾಳಿ ಹೊಡೆಯಿರಿ. ಟೈರಿನ ಬದಿಯ ಗೆರೆ ರಿಮ್ಮಿನಿಂದ ಎಲ್ಲೆಡೆ ಸಮದೂರದಲ್ಲಿದ್ದರೆ ಆಮೇಲೆ ಪೂರ್ತಿ ಗಾಳಿ. ಅದೂ ಟೈರಿನ ಮೇಲೆ ಬರೆದ ಮಿತಿಯೊಳಗೆ.

ಆ ರಾತ್ರಿ ಮೂರನೆಯ ಟ್ಯೂಬನ್ನು ಮಗಳೇ ಹಾಕಿದಳು. ನಾನು ಕೈ ಕಟ್ಟಿಕೊಂಡು ಕೂತಿದ್ದೆ; ನನಗೆ ಅದೇ ಹೆಚ್ಚು ಕಷ್ಟದ ಕೆಲಸವಾಗಿತ್ತು. ಲಿವರಿಲ್ಲದೆಯೇ ಟೈರು ಟಕ್ಕೆಂದು ಕೂತಿತು. “ಇನ್ನೊಮ್ಮೆ ಬಿಚ್ಚಿ ಹಾಕು” ಎಂದೆ, ಹಾಕಿದಳು. ಮತ್ತೆ ಆಡುವ ಮಾತು ನನ್ನಲ್ಲಿ ಉಳಿದಿರಲಿಲ್ಲ.

ಮರುದಿನ ಸಂಜೆ ಮಸಿ ಮೆತ್ತಿದ ಕೈಗಳೊಡನೆ ಮನೆಗೆ ಬಂದಳು. ಘಟ್ಟದ ದಾರಿಯಲ್ಲಿ ಒಮ್ಮೆ ಪಂಕ್ಚರಾಗಿತ್ತಂತೆ. ಆ ಸುದ್ದಿಯನ್ನು ಆಕೆ ಮೊದಲು ಹೇಳಿದ್ದು ನನಗಲ್ಲ, ಅಜ್ಜಿಗೆ. ಅಜ್ಜಿ ಆ ಕೈಗಳನ್ನು ಹಿಡಿದು ನೋಡಿ, “ಬಳಿ ಕೂತಿತಲ್ಲ ಮತ್ತ?” ಎಂದರು.